ಪಂದ್ಯದ ದಿನದ ವ್ಯಾಪಾರ: ಯಾವ ಕಾಗದ ಬೇಕು, ಯಾವ ತೆರಿಗೆ ತಟ್ಟುತ್ತದೆ

ಐಪಿಎಲ್ ಲೀಗ್ ಹಂತದಲ್ಲಿ ಒಂದು ತಂಡಕ್ಕೆ ತವರಿನಲ್ಲಿ ಸಾಮಾನ್ಯವಾಗಿ ಸಿಗುವುದು ಏಳು ಪಂದ್ಯ. ಸುಮಾರು 35 ಸಾವಿರ ಜನ ಹಿಡಿಸುವ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತಮುತ್ತ ಆ ಏಳು ಸಂಜೆಗಳನ್ನೇ ನಂಬಿ ಬಂಡವಾಳ ಹಾಕುವವರು ಹಲವರಿದ್ದಾರೆ: ಜೆರ್ಸಿ, ಬಾವುಟ, ಟೋಪಿ ಮಾರುವವರು, ಕೆನ್ನೆಗೆ ಬಣ್ಣ ಬಳಿಯುವವರು, ಚುರುಮುರಿ ಗಾಡಿಯವರು, ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್ ಕಡೆಯ ದರ್ಶಿನಿ ಮತ್ತು ಪಬ್‌ಗಳವರು. ಇವರ ನಡುವೆ ಹೆಚ್ಚಾಗಿ ಕೇಳಿಬರುವ ಅಂಜಿಕೆ ತೆರಿಗೆಯದು. ಲೈಸೆನ್ಸ್ ಮಾಡಿಸಿದರೆ ತೆರಿಗೆಯವರ ಕಣ್ಣಿಗೆ ಬೀಳುತ್ತೇವೆ, ಆದ್ದರಿಂದ ಏನೂ ಮಾಡಿಸದಿರುವುದೇ ಕ್ಷೇಮ ಎಂಬ ಲೆಕ್ಕಾಚಾರ ಅದರ ಹಿಂದಿದೆ. ಈ ಲೆಕ್ಕಾಚಾರ ತಲೆಕೆಳಗಾಗಿದೆ ಎಂಬುದು ಈ ಲೇಖನದ ವಾದ. ನಿಜವಾಗಿಯೂ ಸಣ್ಣವರಾದವರಿಗೆ ಏಳು ಸಂಜೆಯ ವ್ಯಾಪಾರದಿಂದ ಜಿಎಸ್‌ಟಿ ತಟ್ಟುವುದು ಅಪರೂಪ. ಅವರನ್ನು ಕಷ್ಟಕ್ಕೆ ಸಿಲುಕಿಸುವುದು ಕೈಯಲ್ಲಿ ಕಾಗದ ಇಲ್ಲದಿರುವುದು. ಎಲ್ಲಿ ನಿಲ್ಲಬಹುದು, ಸರಕು ಎಲ್ಲಿಂದ ಬಂತು, ಬಂದ ಹಣ ಯಾವುದರದ್ದು ಎಂದು ತೋರಿಸಲು ಏನೂ ಇಲ್ಲದವರಿಗೆ ಕಾನೂನು ಕೊಟ್ಟಿರುವ ರಕ್ಷಣೆಯೂ ದಕ್ಕುವುದಿಲ್ಲ.

ಮೊದಲು ತೆರಿಗೆಯ ಲೆಕ್ಕವನ್ನೇ ನೋಡೋಣ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸೇವೆಗೆ ಈ ಮಿತಿ 20 ಲಕ್ಷ. ಒಬ್ಬರು ಪಂದ್ಯದ ಸಂಜೆ 300 ರೂಪಾಯಿಯಂತೆ 200 ಟೀ ಶರ್ಟ್ ಮಾರಿದರೆನ್ನಿ. ಒಂದು ಸಂಜೆಗೆ 60 ಸಾವಿರ, ಏಳು ಸಂಜೆಗೆ 4.2 ಲಕ್ಷ. ಭರ್ಜರಿ ವ್ಯಾಪಾರವೇ ಆದರೂ 40 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಮಿತಿಯನ್ನು ಅಳೆಯುವುದು ಪಂದ್ಯದ ದಿನಗಳಿಂದ ಅಲ್ಲ, ಇಡೀ ಹಣಕಾಸು ವರ್ಷದಿಂದ. ಅದೂ ಒಂದು ಪ್ಯಾನ್ ಸಂಖ್ಯೆಯಡಿ ದೇಶದ ಯಾವ ಮೂಲೆಯಲ್ಲಿ ನಡೆದ ವ್ಯಾಪಾರವಿದ್ದರೂ ಎಲ್ಲವನ್ನೂ ಕೂಡಿಸಿ. ಇದೇ ವ್ಯಕ್ತಿಗೆ ಚಿಕ್ಕಪೇಟೆಯಲ್ಲಿ ವರ್ಷಕ್ಕೆ 36 ಲಕ್ಷ ವಹಿವಾಟಿನ ಅಂಗಡಿ ಇದ್ದರೆ ಆ 4.2 ಲಕ್ಷ ಅವರನ್ನು ಗಡಿ ದಾಟಿಸುತ್ತದೆ. ದಾಟಿದ ಮೇಲೆ 30 ದಿನಗಳೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಪಂದ್ಯಕ್ಕೆಂದೇ ಬಂಡವಾಳ ಹಾಕುವ ಮೊದಲು ವರ್ಷದ ಉಳಿದ ವ್ಯಾಪಾರ ಎಷ್ಟೆಂದು ಕೂಡಿಸಿ ನೋಡುವುದು ಇದಕ್ಕಾಗಿಯೇ. ಮಾರ್ಚ್ 31ಕ್ಕೆ ಒಂದು ಹಣಕಾಸು ವರ್ಷ ಮುಗಿದು ಟೂರ್ನಿಯ ಬಹುಪಾಲು ಮುಂದಿನ ವರ್ಷಕ್ಕೆ ಸೇರುತ್ತದೆ ಎಂಬುದೂ ನೆನಪಿರಲಿ.

ತಿಂಡಿ ಗಾಡಿಯವರು ಇನ್ನೂ ಹುಷಾರಾಗಿರಬೇಕು. ಬೇಯಿಸಿದ ಆಹಾರವನ್ನು ಬಡಿಸುವುದೂ ಪಾರ್ಸೆಲ್ ಕೊಡುವುದೂ ಜಿಎಸ್‌ಟಿಯ ಕಣ್ಣಿಗೆ ರೆಸ್ಟೋರೆಂಟ್ ಸೇವೆ, ಆದ್ದರಿಂದ 20 ಲಕ್ಷವನ್ನೇ ಗಡಿ ಎಂದು ಇಟ್ಟುಕೊಳ್ಳುವುದು ಕ್ಷೇಮ. ವರ್ಷವಿಡೀ ದಿನಕ್ಕೆ ಸರಾಸರಿ 5,480 ರೂಪಾಯಿ ಮಾರಿದರೆ ಆ ಗಡಿ ಬಂದೇಬಿಟ್ಟಿತು. ಇದು ಲಾಭದ ಲೆಕ್ಕವಲ್ಲ, ಗಲ್ಲಾಪೆಟ್ಟಿಗೆಗೆ ಬಿದ್ದ ಒಟ್ಟು ಹಣದ ಲೆಕ್ಕ. ಕಬ್ಬನ್ ಪಾರ್ಕ್ ಆಸುಪಾಸಿನಲ್ಲಿ ವರ್ಷವಿಡೀ ಚೆನ್ನಾಗಿ ನಡೆಯುವ ಗಾಡಿಗೆ ಅದು ದೊಡ್ಡ ಮೊತ್ತವಲ್ಲ. ಹಾಗೆ ದಾಟಿದವರಿಗೂ ದಾರಿ ಇದೆ: ರಾಜಿ ತೆರಿಗೆ ಪದ್ಧತಿ. ವಹಿವಾಟು ಒಂದೂವರೆ ಕೋಟಿಯೊಳಗಿರುವ, ಮದ್ಯ ಬಡಿಸದ ಹೋಟೆಲ್‌ನವರು ಒಟ್ಟು ಮಾರಾಟದ ಶೇ 5ರಷ್ಟು, ಸರಕು ವ್ಯಾಪಾರಿಗಳು ಶೇ 1ರಷ್ಟು ಕಟ್ಟಿ, ಮೂರು ತಿಂಗಳಿಗೊಮ್ಮೆ ಲೆಕ್ಕ, ವರ್ಷಕ್ಕೊಮ್ಮೆ ರಿಟರ್ನ್ ಒಪ್ಪಿಸಿದರೆ ಸಾಕು. ಹೀಗೆ ಕಟ್ಟುವವರು ಗಿರಾಕಿಯಿಂದ ತೆರಿಗೆ ಎಂದು ಪ್ರತ್ಯೇಕವಾಗಿ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಆದರೆ ಈ ಅನುಕೂಲ ಮುಂದಾಗಿ ಆಯ್ದುಕೊಂಡವರಿಗೆ ಮಾತ್ರ. ನಾಲ್ಕು ವರ್ಷದ ಹಳೆಯ ವ್ಯಾಪಾರಕ್ಕೆ ಅದನ್ನು ಹಿಂದಕ್ಕೆ ಅನ್ವಯಿಸಿಕೊಳ್ಳಲು ಆಗುವುದಿಲ್ಲ.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಇದೇ ಬಿಸಿ ತಟ್ಟಿತು. 2021–22ರಿಂದ 2024–25ರವರೆಗೆ ಅವರ ಯುಪಿಐ ಖಾತೆಗಳಿಗೆ ಬಂದ ಹಣವೇ ಆ ನೋಟಿಸ್‌ಗಳಿಗೆ ಆಧಾರ. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ತೂಗಿದವು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಪ್ರತಿನಿಧಿಗಳ ಸಭೆ ಕರೆದು, ಹಾಲು, ತರಕಾರಿ, ಹಣ್ಣಿನಂಥ ತೆರಿಗೆ ವಿನಾಯಿತಿ ಸರಕು ಮಾರುವವರಿಂದ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ನೋಂದಣಿ ಮಾಡಿಸಿದರೆ ಕಣ್ಣಿಗೆ ಬೀಳುತ್ತೇವೆ ಎನ್ನುವವರಿಗೆ ಈ ಪ್ರಕರಣವೇ ಉತ್ತರ. ನೋಟಿಸ್ ಬಂದದ್ದು ನೋಂದಣಿ ಮಾಡಿಸದವರಿಗೆ. ಮಾಹಿತಿ ಇಲಾಖೆಯ ಕೈಯಲ್ಲಿ ಆಗಲೇ ಇತ್ತು, ವ್ಯಾಪಾರಿಯ ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ಖಾತೆಗೆ ಬಂದ ಹಣದಲ್ಲಿ ಭಾವಮೈದುನ ಕೊಟ್ಟ ಕೈಸಾಲ ಎಷ್ಟು, ಚೀಟಿ ಹಣ ಎಷ್ಟು, ವಿನಾಯಿತಿ ಸರಕಿನ ಮಾರಾಟ ಎಷ್ಟು ಎಂದು ಬಿಡಿಸಿ ತೋರಿಸಲು ಆಗಿದ್ದಿದ್ದರೆ ಉತ್ತರ ಕೊಡುವುದು ಒಂದು ದಿನದ ಕೆಲಸವಾಗುತ್ತಿತ್ತು. ಹಾಗಾದರೆ ನಗದಿನಲ್ಲೇ ವ್ಯಾಪಾರ ಮಾಡೋಣ ಎನ್ನುವುದೂ ಪರಿಹಾರವಲ್ಲ. ವಹಿವಾಟು ನಗದಿನಲ್ಲಿ ಬಂದರೂ ವಹಿವಾಟೇ. ಆದಾಯ ತೆರಿಗೆಯ ಅಂದಾಜು ಪದ್ಧತಿಯಲ್ಲಂತೂ ಡಿಜಿಟಲ್ ಮಾರಾಟದ ಶೇ 6ರಷ್ಟನ್ನು ಲಾಭವೆಂದು ತೋರಿಸಿದರೆ ಸಾಕು, ನಗದಾದರೆ ಶೇ 8.

ಕ್ಯೂಆರ್ ಕೋಡ್ ವಿಷಯದಲ್ಲಿ ಪಂದ್ಯದ ದಿನ ಆಗುವ ಎಡವಟ್ಟು ಒಂದಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜನ ಮುಗಿಬೀಳುವ ಹೊತ್ತಿಗೆ ನೆಟ್‌ವರ್ಕ್ ಕೈಕೊಟ್ಟರೆ ಪಕ್ಕದವರ ಬೋರ್ಡ್ ತಂದು ಇಡುವುದು, ತಮ್ಮನ ಖಾತೆಗೆ ಹಾಕಿಸುವುದು, ಇಬ್ಬರು ಮೂವರು ಸೇರಿ ಒಂದೇ ಕೋಡ್ ಬಳಸುವುದು ನಡೆಯುತ್ತದೆ. ಹಣ ಯಾರ ಖಾತೆಗೆ ಬೀಳುತ್ತದೋ ಅವರ ಪ್ಯಾನ್‌ನಲ್ಲಿ ಅದು ವಹಿವಾಟಾಗಿ ಕಾಣುತ್ತದೆ. ಕ್ರೀಡಾಂಗಣದ ಒಳಗೆ ಗುತ್ತಿಗೆದಾರರ ಕೆಳಗೆ ಮಳಿಗೆ ನಡೆಸುವವರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಗಿರಾಕಿಗೆ ಬಿಲ್ಲು ಯಾರ ಹೆಸರಿನಲ್ಲಿ, ಹಣ ಯಾರ ಖಾತೆಗೆ? ಗುತ್ತಿಗೆದಾರರ ಖಾತೆಗಾದರೆ ನಿಮಗೆ ಬರುವುದು ಕೂಲಿ ಅಥವಾ ಕಮಿಷನ್. ನಿಮ್ಮ ಖಾತೆಗಾದರೆ ಪೂರ್ತಿ ಮಾರಾಟ ನಿಮ್ಮದೇ. ಪಂದ್ಯ ಮುಗಿದ ರಾತ್ರಿಯೇ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಡಿ: ತಂದ ಸರಕು, ಉಳಿದ ಸರಕು, ಯುಪಿಐ ಮೊತ್ತ, ನಗದು. ವ್ಯಾಪಾರಕ್ಕೆ ಬೇರೆ ಖಾತೆ, ಮನೆಗೆ ಬೇರೆ ಖಾತೆ ಇಟ್ಟುಕೊಂಡರಂತೂ ಅರ್ಧ ತಲೆನೋವು ತಪ್ಪಿತು.

ಹೊರರಾಜ್ಯದಿಂದ ಬರುವವರ ವಿಷಯ ಮಾತ್ರ ಪೂರ್ತಿ ಬೇರೆ, ಅಲ್ಲಿ 40 ಲಕ್ಷದ ಮಾತೇ ಇಲ್ಲ. ತಿರುಪ್ಪೂರಿನಲ್ಲಿ ಅಂಗಡಿ ಇಟ್ಟುಕೊಂಡು, ಬೆಂಗಳೂರಿನಲ್ಲಿ ಸ್ಥಿರ ಮಳಿಗೆ ಇಲ್ಲದೆ, ಪಂದ್ಯಗಳ ಹೊತ್ತಿಗೆ ಇಲ್ಲಿ ಬಂದು ಬಟ್ಟೆ ಮಾರುವವರು ಜಿಎಸ್‌ಟಿ ಕಾಯ್ದೆಯ ಪ್ರಕಾರ ಸಾಂದರ್ಭಿಕ ತೆರಿಗೆದಾರರು. ವಹಿವಾಟು ಎಷ್ಟೇ ಸಣ್ಣದಿದ್ದರೂ ಅವರು ಕರ್ನಾಟಕದಲ್ಲಿ ನೋಂದಣಿ ಪಡೆಯಲೇಬೇಕು. ವ್ಯಾಪಾರ ಶುರುವಾಗುವುದಕ್ಕೆ ಕನಿಷ್ಠ ಐದು ದಿನ ಮೊದಲು ಅರ್ಜಿ ಹಾಕಿ, ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. ನೋಂದಣಿಯ ಅವಧಿ ಹೆಚ್ಚೆಂದರೆ 90 ದಿನ, ಇನ್ನೂ 90 ದಿನ ವಿಸ್ತರಿಸಬಹುದು. ಇವರಿಗೆ ರಾಜಿ ತೆರಿಗೆ ಪದ್ಧತಿ ಸಿಗುವುದಿಲ್ಲ. ಲಾರಿಗೆ ಏರಿಸುವ ಸರಕಿನ ಬೆಲೆ 50 ಸಾವಿರ ರೂಪಾಯಿ ಮೀರಿದರೆ ಇ–ವೇ ಬಿಲ್ ಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ತೆರಿಗೆ ಶೇ 5, ಅದಕ್ಕೂ ದುಬಾರಿಯಾದದ್ದಕ್ಕೆ ಶೇ 18. ರಸ್ತೆಬದಿ ಬಿಕರಿಯಾಗುವ ಟೀ ಶರ್ಟ್ ಮೊದಲನೆಯ ಗುಂಪಿಗೇ ಸೇರುವುದರಿಂದ ಮುಂಗಡ ಮೊತ್ತ ಹೊರಲಾರದಷ್ಟೇನೂ ಆಗುವುದಿಲ್ಲ.

ಇನ್ನು ನಿಲ್ಲುವ ಜಾಗ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಆಕಾಶದಿಂದ ಉದುರಿದ್ದಲ್ಲ. ಬೀದಿಯಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನದ 19ನೇ ವಿಧಿಯಡಿ ಬರುವ ಹಕ್ಕು ಎಂದು 1989ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಕಾಯ್ದೆಯಾಗಲು ಕಾಲು ಶತಮಾನ ಹಿಡಿಯಿತು. ಅದರ ಪ್ರಕಾರ ನಗರದ ವ್ಯಾಪಾರಿಗಳ ಸಮೀಕ್ಷೆ ನಡೆದು, ಗುರುತಿಸಿದವರಿಗೆ ವ್ಯಾಪಾರ ಪ್ರಮಾಣಪತ್ರ ಕೊಡಬೇಕು. ಸಮೀಕ್ಷೆ ಮತ್ತು ಪತ್ರ ವಿತರಣೆ ಮುಗಿಯುವವರೆಗೆ ಎತ್ತಂಗಡಿ ಮಾಡುವಂತಿಲ್ಲ. ಪತ್ರದ ಷರತ್ತಿಗೆ ಬದ್ಧರಾಗಿ ವ್ಯಾಪಾರ ಮಾಡುವವರನ್ನು ಪೊಲೀಸರೂ ತಡೆಯುವಂತಿಲ್ಲ. ಸರಕು ಜಪ್ತಿ ಮಾಡಿದರೆ ಸಹಿ ಹಾಕಿದ ಪಟ್ಟಿ ಕೊಡಬೇಕು. ನೀವು ಕೇಳಿದಾಗ ಬೇಗ ಕೆಡುವ ಪದಾರ್ಥವನ್ನು ಅದೇ ದಿನ, ಬೇರೆಯದನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಆ ಪಟ್ಟಿಯನ್ನು ಕೇಳಿ ಪಡೆಯದಿದ್ದರೆ ಮರುದಿನ ಕಚೇರಿಯಲ್ಲಿ ನಿಮ್ಮ ಗಾಡಿಯಲ್ಲಿ ಎಷ್ಟು ಮಾಲಿತ್ತು ಎಂದು ಸಾಬೀತುಪಡಿಸಲು ಏನೂ ಉಳಿಯುವುದಿಲ್ಲ. ಬೀದಿಬದಿ ವ್ಯಾಪಾರಿಗಳಿಗೆಂದೇ ಇರುವ ಪಿಎಂ ಸ್ವನಿಧಿ ಸಾಲಕ್ಕೂ ಈ ಪ್ರಮಾಣಪತ್ರ ಆಧಾರವಾಗುತ್ತದೆ. ಆದರೆ ಒಂದು ಮಾತು ಸ್ಪಷ್ಟವಾಗಿರಲಿ: ಪಂದ್ಯದ ದಿನ ಮಾತ್ರ ಬಂದು ನಿಲ್ಲುವವರಿಗೆ ಈ ರಕ್ಷಣೆ ತಾನಾಗಿ ಸಿಗುವುದಿಲ್ಲ. ಪತ್ರ ಇದ್ದವರೂ ಅದರಲ್ಲಿ ಬರೆದ ಜಾಗ ಬಿಟ್ಟು ಕ್ರೀಡಾಂಗಣದ ದ್ವಾರದ ಮುಂದೆ ನಿಂತರೆ ಅದು ಉಪಯೋಗಕ್ಕೆ ಬಾರದು. 2025ರ ಜೂನ್ 4ರಂದು ಇದೇ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ದ್ವಾರಗಳೂ ಪಾದಚಾರಿ ಮಾರ್ಗವೂ ಖಾಲಿ ಇರಬೇಕೆಂದು ಪೊಲೀಸರು ಪಟ್ಟು ಹಿಡಿಯುವುದಕ್ಕೆ ಜೀವದ ಕಾರಣವಿದೆ, ವ್ಯಾಪಾರಿಗಳೂ ಅದನ್ನು ಒಪ್ಪಬೇಕು. ಪ್ರತಿ ಪಂದ್ಯಕ್ಕೆ ಮುನ್ನ ಸಂಚಾರ ಪೊಲೀಸರು ಕ್ವೀನ್ಸ್ ರಸ್ತೆ, ಕಬ್ಬನ್ ರಸ್ತೆ, ಎಂ.ಜಿ. ರಸ್ತೆಗಳ ನಿಲುಗಡೆ ನಿಷೇಧದ ಪ್ರಕಟಣೆ ಹೊರಡಿಸುತ್ತಾರೆ. ಜನ ಎಲ್ಲಿ ಗಾಡಿ ನಿಲ್ಲಿಸಿ ಯಾವ ಕಡೆಯಿಂದ ನಡೆದು ಬರುತ್ತಾರೆ ಎಂಬುದೂ ಅದರಿಂದಲೇ ಗೊತ್ತಾಗುತ್ತದೆ. ಜಾಗ ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ.

ತಿನ್ನುವ ಪದಾರ್ಥ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆ ತಳ್ಳುಗಾಡಿಯವರನ್ನೂ ತಾತ್ಕಾಲಿಕ ಮಳಿಗೆಯವರನ್ನೂ ಹೆಸರಿಸಿಯೇ ಹೇಳುತ್ತದೆ: ಅವರಿಗೆ ದೊಡ್ಡ ಪರವಾನಗಿ ಬೇಡ, ನೋಂದಣಿ ಸಾಕು. ಒಂದು ದಿನದ ಮಳಿಗೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಮನೆಯ 14.2 ಕೆಜಿ ಸಿಲಿಂಡರನ್ನು ಗಾಡಿಗೆ ತರುವುದು ಅಪರಾಧ, ವ್ಯಾಪಾರಕ್ಕೆ 19 ಕೆಜಿಯ ವಾಣಿಜ್ಯ ಸಿಲಿಂಡರೇ ಆಗಬೇಕು. ಬಾವುಟದವರಿಗೂ ಇಲ್ಲೊಂದು ವಿಷಯವಿದೆ. 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳಲ್ಲಿ ತಟ್ಟೆ, ಲೋಟ, ಸ್ಟ್ರಾಗಳ ಜೊತೆಗೆ ಪ್ಲಾಸ್ಟಿಕ್ ಬಾವುಟ ಮತ್ತು ಬಲೂನಿನ ಪ್ಲಾಸ್ಟಿಕ್ ಕಡ್ಡಿಯೂ ಇವೆ. ಸಗಟು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ತಂದ ಚೀಲ ಮೊದಲ ತಪಾಸಣೆಯಲ್ಲೇ ಹೋಗಬಹುದು. ಬಟ್ಟೆಯ ಬಾವುಟ, ಮರದ ಕಡ್ಡಿ ಕೇಳಿ ತನ್ನಿ.

ಜೆರ್ಸಿ ಮಾರುವವರು ತೆರಿಗೆಗಿಂತ ಹೆಚ್ಚು ಎಚ್ಚರ ವಹಿಸಬೇಕಾದ ಕಾಯ್ದೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ. ತಂಡದ ಲಾಂಛನ, ಪ್ರಾಯೋಜಕ ಕಂಪನಿಯ ಗುರುತು ಅನುಮತಿಯಿಲ್ಲದೆ ಮುದ್ರಿಸಿದ ಸರಕನ್ನು ಮಾರಿದವರಿಗೂ ಆರು ತಿಂಗಳಿಂದ ಮೂರು ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವಿಶೇಷ ಕಾರಣವಿದ್ದರೆ ನ್ಯಾಯಾಲಯ ಕಡಿಮೆ ಮಾಡಬಹುದು. ಮುದ್ರಿಸಿದ್ದು ನಾವಲ್ಲ, ಮಾರಿದ್ದಷ್ಟೇ ಎಂಬ ಮಾತು ಬರೀ ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಆದರೆ ಅದೇ ಕಾಯ್ದೆಯಲ್ಲಿ ಮಾರುವವರಿಗೆ ಒಂದು ರಕ್ಷಣೆಯೂ ಇದೆ. ಸರಕು ನಕಲಿ ಎಂದು ಅನುಮಾನಿಸಲು ಕಾರಣವಿರಲಿಲ್ಲ, ತಕ್ಕ ಎಚ್ಚರ ವಹಿಸಿದ್ದೆ, ಯಾರಿಂದ ಕೊಂಡೆ ಎಂದು ಕೇಳಿದಾಗ ಎಲ್ಲವನ್ನೂ ತಿಳಿಸಿದ್ದೇನೆ ಎಂದು ಸಾಬೀತಾದರೆ ಬಚಾವಾಗಬಹುದು. ಅದನ್ನು ಸಾಬೀತುಪಡಿಸುವುದು ಸಗಟು ಅಂಗಡಿಯ ಜಿಎಸ್‌ಟಿ ಬಿಲ್ಲು. ಬಿಲ್ಲಿಲ್ಲದೆ ಕೊಂಡರೆ ಒಂದು ಅಂಗಿಗೆ ಹತ್ತಿಪ್ಪತ್ತು ರೂಪಾಯಿ ಉಳಿಯಬಹುದು, ಆದರೆ ಜೈಲಿನ ಬಾಗಿಲಲ್ಲಿ ತೋರಿಸಲು ಇದ್ದ ಒಂದೇ ಕಾಗದ ಕೈತಪ್ಪುತ್ತದೆ. ಲಾಂಛನವಿಲ್ಲದ ಕೆಂಪು ಅಂಗಿಯ ಮೇಲೆ ಕನ್ನಡದ ಮಾತು ಬರೆಸಿ ಮಾರುವುದು ಇದಕ್ಕಿಂತ ಸುರಕ್ಷಿತ. ಆ ಮಾತನ್ನೂ ಯಾರಾದರೂ ನೋಂದಾಯಿಸಿಕೊಂಡಿದ್ದಾರೆಯೇ ಎಂದು ಟ್ರೇಡ್ ಮಾರ್ಕ್ ನೋಂದಣಿಯ ಜಾಲತಾಣದಲ್ಲಿ ಪುಕ್ಕಟೆಯಾಗಿ ಹುಡುಕಬಹುದು.

ಅಂಗಡಿ, ದರ್ಶಿನಿ, ಪಬ್‌ಗಳವರಿಗೆ ಇಷ್ಟು ನೆನಪಿದ್ದರೆ ಸಾಕು. ಉದ್ದಿಮೆ ಪರವಾನಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ಅಂದರೆ ಸಾಮಾನ್ಯವಾಗಿ ಟೂರ್ನಿ ಶುರುವಾದ ಹೊಸತರಲ್ಲೇ. ತಡವಾದಷ್ಟೂ ದಂಡ ಏರುವುದರಿಂದ ಫೆಬ್ರುವರಿಯಲ್ಲೇ ನವೀಕರಿಸಿ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾಗಿರುವುದರಿಂದ ನಿಮ್ಮ ಅಂಗಡಿ ಯಾವುದರ ವ್ಯಾಪ್ತಿಗೆ ಬರುತ್ತದೆಂದು ಮೊದಲು ಖಚಿತಪಡಿಸಿಕೊಳ್ಳಿ. ಜಿಎಸ್‌ಟಿ ನೋಂದಣಿ ಇದ್ದವರು ವೃತ್ತಿ ತೆರಿಗೆಗೂ ದಾಖಲಾಗಬೇಕು, ಅದು ಸಂವಿಧಾನದ ಮಿತಿಯಂತೆ ವರ್ಷಕ್ಕೆ 2,500 ರೂಪಾಯಿ ಮೀರದು. ಅಂಗಡಿಯಲ್ಲಿ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತೆಗೆದುಕೊಂಡರೂ ಕಾನೂನು ಮಾಪನಶಾಸ್ತ್ರ ಇಲಾಖೆ ದಂಡ ಹಾಕಬಹುದು. ಮನೆಯ ಸಂಪರ್ಕದಿಂದ ಪರದೆ ಕಟ್ಟಿ, ಪ್ರವೇಶ ಶುಲ್ಕ ಪಡೆದು ಪಂದ್ಯ ತೋರಿಸಿದರೆ ಅದು ಕೃತಿಸ್ವಾಮ್ಯ ಕಾಯ್ದೆಯಡಿ ಪ್ರಸಾರಕರ ಹಕ್ಕಿನ ಉಲ್ಲಂಘನೆ, ವಾಣಿಜ್ಯ ಚಂದಾದಾರಿಕೆಯೇ ಬೇಕು. ಬಯಲಿನ ಕಾರ್ಯಕ್ರಮದಲ್ಲಿ ಮದ್ಯ ಕೊಡುವುದಾದರೆ ಇರುವ ಸಿಎಲ್–9 ಸನ್ನದು ಅಲ್ಲಿಗೆ ಅನ್ವಯಿಸದು, ಅಬಕಾರಿ ಇಲಾಖೆಯಿಂದ ಸಿಎಲ್–5 ಸಾಂದರ್ಭಿಕ ಸನ್ನದು ಬೇರೆಯೇ ಪಡೆಯಬೇಕು.

ಈ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಒಂದಿದೆ: ಕಾಗದ ಇದ್ದವರನ್ನೂ ಓಡಿಸುತ್ತಾರಲ್ಲ, ಸಮೀಕ್ಷೆಯಲ್ಲಿ ಬಿಟ್ಟುಹೋದವರು ಎಲ್ಲಿಂದ ತರಬೇಕು ಕಾಗದ? ಇದರಲ್ಲಿ ನಿಜವಿದೆ, ಇದನ್ನು ವ್ಯಾಪಾರಿಯ ಹೆಗಲಿಗೆ ಹೊರಿಸುವುದು ಅನ್ಯಾಯ. ಐಪಿಎಲ್ ಟಿಕೆಟ್ ಮೇಲೆ ಈಗ ಶೇ 40 ಜಿಎಸ್‌ಟಿ ಇದೆ, 2,500 ರೂಪಾಯಿಯ ಟಿಕೆಟ್‌ಗೆ 1,000 ರೂಪಾಯಿ. ಇಷ್ಟು ವರಮಾನ ತರುವ ಸಂಜೆಗೆ ನೂರಿನ್ನೂರು ಗಾಡಿಗಳಿಗೆ ಗೆರೆ ಎಳೆದು ಜಾಗ ತೋರಿಸಿ, ಅಲ್ಪ ಶುಲ್ಕಕ್ಕೆ ಪಂದ್ಯದ ದಿನದ ಪರವಾನಗಿ ಕೊಡುವುದು ಪಾಲಿಕೆಗೆ ಆಗದ ಕೆಲಸವಲ್ಲ. ವ್ಯಾಪಾರಿಗಳ ಚುನಾಯಿತ ಪ್ರತಿನಿಧಿಗಳೇ ಶೇ 40ರಷ್ಟಿರಬೇಕಾದ ಪಟ್ಟಣ ವ್ಯಾಪಾರ ಸಮಿತಿ ಇರುವುದು ಇಂಥ ತೀರ್ಮಾನಕ್ಕೇ. ಬೇರೆ ದೇಶಗಳ ಅನುಭವವೂ ಎರಡು ಬಗೆಯದು. 2012ರ ಲಂಡನ್ ಒಲಿಂಪಿಕ್ಸ್‌ಗೆಂದೇ ಮಾಡಿದ ಕಾನೂನಿನಡಿ ಕ್ರೀಡಾ ತಾಣಗಳ ಸುತ್ತ ಬೀದಿ ವ್ಯಾಪಾರಕ್ಕೆ ಪ್ರತ್ಯೇಕ ಅನುಮತಿ ಬೇಕಾಯಿತು. 2014ರ ಫುಟ್‌ಬಾಲ್ ವಿಶ್ವಕಪ್‌ಗಾಗಿ ಬ್ರೆಜಿಲ್ ಮಾಡಿದ ಕಾಯ್ದೆ ಕ್ರೀಡಾಂಗಣದ ಸುತ್ತ ಎರಡು ಕಿಲೋಮೀಟರ್‌ವರೆಗೆ ಪ್ರಾಯೋಜಕರ ವ್ಯಾಪಾರಕ್ಕೆ ಮೀಸಲಿಡಲು ಅವಕಾಶ ಕೊಟ್ಟಿತು. ಆದರೆ ಸಾಲ್ವಡಾರ್ ನಗರದಲ್ಲಿ ಅಕರಜೆ ಎಂಬ ಅಲಸಂದೆ ವಡೆ ಮಾರುವ ಹೆಂಗಸರು ತಮ್ಮ ಸಂಘದ ಮೂಲಕ ಸಹಿ ಸಂಗ್ರಹಿಸಿ ಹೋರಾಡಿ, ಕ್ರೀಡಾಂಗಣದ ಬಳಿ ಮಾರುವ ಅವಕಾಶ ಗಿಟ್ಟಿಸಿದರು. ಅವರ ಕಸುಬು ಅದಾಗಲೇ ದೇಶದ ಸಾಂಸ್ಕೃತಿಕ ಪರಂಪರೆಯ ಪಟ್ಟಿಯಲ್ಲಿ ದಾಖಲಾಗಿತ್ತು, ಸಂಘ ನೋಂದಾಯಿತವಾಗಿತ್ತು. ಒಬ್ಬೊಬ್ಬರೇ ಹೋಗಿದ್ದರೆ ಆ ಬಾಗಿಲು ತೆರೆಯುತ್ತಿತ್ತೆಂದು ನಂಬುವುದು ಕಷ್ಟ. ಬೆಂಗಳೂರಿನಲ್ಲೂ ಸಮಿತಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯುವುದು, ಸಮೀಕ್ಷೆಯಲ್ಲಿ ಬಿಟ್ಟುಹೋದವರು ಹಳೆಯ ದಂಡದ ರಸೀದಿ, ಜಾಗದ ಫೋಟೊ ಇಟ್ಟು ಅರ್ಜಿ ಹಾಕುವುದು ಈಗಲೇ ಶುರುವಾಗಬೇಕಾದ ಕೆಲಸ.

ಇಷ್ಟೆಲ್ಲ ಮಾಡಿ ಪಂದ್ಯವೇ ಬೇರೆ ಊರಿಗೆ ಹೋದರೆ? 2025ರ ಮಹಿಳಾ ಏಕದಿನ ವಿಶ್ವಕಪ್‌ನಲ್ಲಿ ಹಾಗೇ ಆಯಿತು. ಬೆಂಗಳೂರಿಗೆ ಗೊತ್ತಾಗಿದ್ದ ಪಂದ್ಯಗಳು ಟೂರ್ನಿಗೆ ಒಂದು ತಿಂಗಳಿಗಿಂತ ತುಸು ಹೆಚ್ಚಷ್ಟೇ ಇದ್ದಾಗ ನವಿ ಮುಂಬೈ, ಗುವಾಹಟಿಗಳಿಗೆ ಹೋದವು. ಸರಕನ್ನು ಒಟ್ಟಿಗೆ ಏಳು ಪಂದ್ಯಕ್ಕೆ ತರದೆ ಎರಡೆರಡು ಪಂದ್ಯಕ್ಕೆ ತರುವುದು, ಉಳಿದ ಮಾಲು ವಾಪಸ್ ತೆಗೆದುಕೊಳ್ಳುವ ಮಾತನ್ನು ಸಗಟು ಅಂಗಡಿಯವರಿಂದ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ಆ ನಷ್ಟವನ್ನು ತಗ್ಗಿಸುವ ದಾರಿ. ಆಹಾರ ನೋಂದಣಿ, ಉದ್ದಿಮೆ ಪರವಾನಗಿಗೆ ಕಟ್ಟಿದ ಹಣ ವ್ಯರ್ಥವಾಗುವುದಿಲ್ಲ, ವರ್ಷದ ಉಳಿದ ದಿನಗಳಿಗೂ ಅವು ನಡೆಯುತ್ತವೆ. ಹೊರರಾಜ್ಯದವರು ಕಟ್ಟಿದ ಮುಂಗಡ ತೆರಿಗೆಯಲ್ಲಿ ಹೆಚ್ಚಾಗಿ ಉಳಿದದ್ದು ವಾಪಸ್ ಬರುತ್ತದೆ, ಆದರೆ ನೋಂದಣಿ ಇದ್ದಷ್ಟು ಅವಧಿಯ ಎಲ್ಲ ರಿಟರ್ನ್‌ಗಳನ್ನೂ ಸಲ್ಲಿಸಿದ ಮೇಲೆಯೇ. ಒಂದು ಅಂಗಿಯೂ ಮಾರಾಟವಾಗದ ತಿಂಗಳಿಗೆ ಶೂನ್ಯ ರಿಟರ್ನ್ ಹಾಕುವುದನ್ನು ಮರೆತರೆ ಆ ಹಣ ಅಲ್ಲೇ ಸಿಕ್ಕಿಕೊಳ್ಳುತ್ತದೆ.